ಸೈಟಿನ ಕೆಳಗೇನಿದೆ?

ಪೂರ್ವ ಲಂಡನ್ನಿನ ಹ್ಯಾಕ್ನಿ ವಿಕ್‌ನಲ್ಲಿ 1866ರಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ ಒಂದು ಕಂಪನಿ ತೆರೆದ. ಅಲ್ಲಿ ತಯಾರಾಗುತ್ತಿದ್ದ ‘ಪಾರ್ಕ್ಸೀನ್’ ಜಗತ್ತಿನ ಮೊದಲ ಪ್ಲಾಸ್ಟಿಕ್ ಎನಿಸಿಕೊಂಡಿದೆ. ವ್ಯಾಪಾರ ಕುದುರದೆ ಎರಡೇ ವರ್ಷಕ್ಕೆ ಬಾಗಿಲು ಬಿತ್ತು. ಅದೇ ಆಸುಪಾಸಿನ ಇನ್ನೊಂದು ಕಾರ್ಖಾನೆ 1890ರ ದಶಕದಲ್ಲಿ ‘ಪೆಟ್ರೋಲ್’ ಎಂಬ ಹೆಸರಿಟ್ಟು ಇಂಧನ ಮಾರತೊಡಗಿತು. ಲೀ ನದಿಯ ಕೆಳಕಣಿವೆಯ ಈ ಜವುಗು ನೆಲಕ್ಕೆ ಉದ್ಯಮಗಳು ನುಗ್ಗಿದ್ದಕ್ಕೆ ಕಾರಣವಿತ್ತು. 1844ರ ಕಾಯ್ದೆಯೊಂದು ದುರ್ನಾತದ ಕಸುಬುಗಳನ್ನು ಲಂಡನ್ನಿನೊಳಗೆ ನಿರ್ಬಂಧಿಸಿದ್ದರಿಂದ ಅವುಗಳಲ್ಲಿ ಹಲವು ನದಿ ದಾಟಿ ಆಚೆ ದಡಕ್ಕೆ ಹೋದವು. ಸಾಬೂನು, ಬಣ್ಣ, ಡಾಂಬರು, ಗ್ಯಾಸು, ರಾಸಾಯನಿಕ ಎಂದು ನೂರೈವತ್ತು ವರ್ಷ ಒಂದರ ಮೇಲೊಂದು ಬಂದವು, ಹೋದವು. ಕಾರ್ಖಾನೆಗಳು ಹೋದರೂ ಅವು ಚೆಲ್ಲಿದ್ದು ಹೋಗಲಿಲ್ಲ.

2005ರ ಜುಲೈನಲ್ಲಿ ಲಂಡನ್ನಿಗೆ ಒಲಿಂಪಿಕ್ಸ್ ಒಲಿದಾಗ ಕ್ರೀಡಾಂಗಣ ಕಟ್ಟಲು ಆರಿಸಿಕೊಂಡದ್ದು ಈ ಜಾಗವನ್ನೇ. ಸುಮಾರು ಎರಡೂವರೆ ಚದರ ಕಿಲೋಮೀಟರ್ ನೆಲ, ಏಳು ವರ್ಷದ ಗಡುವು. ಕ್ರೀಡಾಕೂಟದ ದಿನಾಂಕವನ್ನು ಮುಂದೂಡುವಂತಿಲ್ಲ. ಇನ್ನೂರಕ್ಕೂ ಹೆಚ್ಚು ಕಟ್ಟಡ ಕೆಡವಿದ್ದಾಯಿತು. ಕೆಳಗಿನ ಮಣ್ಣಿನಲ್ಲಿ ಎಣ್ಣೆ, ಡಾಂಬರು, ಸೈನೈಡ್, ಆರ್ಸೆನಿಕ್, ಸೀಸ ಇದ್ದವು. ಕೊನೆಗೆ ಸುಮಾರು 20 ಲಕ್ಷ ಟನ್ ಮಣ್ಣನ್ನು ಅಲ್ಲೇ ತೊಳೆದು, ಜರಡಿ ಹಿಡಿದು, ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸಿ ಬಹುಪಾಲನ್ನು ಮತ್ತೆ ಅದೇ ನೆಲಕ್ಕೆ ಹಾಕಿದರು. ಆ ವ್ಯವಸ್ಥೆಗೆ ‘ಮಣ್ಣಿನ ಆಸ್ಪತ್ರೆ’ ಎಂದು ಹೆಸರಿಟ್ಟಿದ್ದರು.

ಪತ್ರಿಕೆಗಳು ಈ ಆಸ್ಪತ್ರೆಯ ಬಗ್ಗೆ ಸಾಕಷ್ಟು ಬರೆದವು. ನನಗೆ ಅದಕ್ಕಿಂತ ಕುತೂಹಲಕರವಾಗಿ ಕಂಡದ್ದು ಅದರ ಹಿಂದಿನ ಹಂತ. ಯಾವ ಮಣ್ಣನ್ನು ತೊಳೆಯಬೇಕು, ಯಾವುದನ್ನು ಮುಟ್ಟದೆ ಬಿಡಬಹುದು ಎಂದು ಗೊತ್ತಾಗುವುದು ಹೇಗೆ? ಕಣ್ಣಿಗೆ ಎರಡೂ ಒಂದೇ ಮಣ್ಣು. ಸಾವಿರಾರು ಕಡೆ ಗುಂಡಿ ತೋಡಿ, ಬೋರು ಕೊರೆದು ನೋಡಿದ ಮೇಲೆಯೇ ಮೊದಲ ಲಾರಿ ಹೊರಟದ್ದು. ಈ ತಪಾಸಣೆಯ ವಿದ್ಯೆ ಕಳೆದ ಎರಡು ಮೂರು ದಶಕಗಳಲ್ಲಿ ತುಂಬ ಬದಲಾಗಿದೆ. ಕಟ್ಟಡ ಕಟ್ಟುವವರಿಗೂ ಕೊಳ್ಳುವವರಿಗೂ ಅದರ ಸುಳಿವಿಲ್ಲದಿರುವುದು ನಮ್ಮೂರಿನ ಸಂಗತಿ. ಅದಕ್ಕೆ ಆಮೇಲೆ ಬರೋಣ.

ಈ ವಿದ್ಯೆಗೆ ತುರ್ತು ತಂದದ್ದು ಅಮೆರಿಕದ ನಯಾಗರ ಫಾಲ್ಸ್ ಪಟ್ಟಣದ ಲವ್ ಕೆನಾಲ್. ಅರ್ಧಕ್ಕೇ ನಿಂತ ಹಳೆಯ ಕಾಲುವೆಯೊಂದರಲ್ಲಿ ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಸುಮಾರು 21 ಸಾವಿರ ಟನ್ ರಾಸಾಯನಿಕ ತ್ಯಾಜ್ಯ ಹೂತಿತು. ಮಣ್ಣು ಮುಚ್ಚಿ, ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಬರೆದುಕೊಟ್ಟಿತು. ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ನೆದರ್‌ಲೆಂಡ್ಸ್‌ನ ಲೆಕ್ಕರ್‌ಕೆರ್ಕ್ ಎಂಬಲ್ಲಿ ಹೊಸ ಬಡಾವಣೆಯೊಂದರ ಅಡಿಯಲ್ಲಿ ರಾಸಾಯನಿಕ ಪೀಪಾಯಿಗಳು ಸಿಕ್ಕಿ ಅಲ್ಲೂ ಮನೆಗಳು ಖಾಲಿಯಾದವು. ಅಮೆರಿಕ 1980ರಲ್ಲಿ ತಂದ ‘ಸೂಪರ್‌ಫಂಡ್’ ಕಾನೂನು ಒಂದು ಕಠಿಣ ಮಾತು ಹೇಳಿತು: ವಿಷ ಸುರಿದವರು ಮಾತ್ರವಲ್ಲ, ಆ ಜಾಗದ ಈಗಿನ ಮಾಲೀಕರೂ ಹೊಣೆ. ಆಮೇಲೆ ಅಲ್ಲಿ ಜಮೀನು ಕೊಳ್ಳುವವರು, ಸಾಲ ಕೊಡುವ ಬ್ಯಾಂಕಿನವರು, ವಕೀಲರು ಎಲ್ಲರಿಗೂ ನೆಲದ ಚರಿತ್ರೆಯಲ್ಲಿ ದಿಢೀರ್ ಆಸಕ್ತಿ ಹುಟ್ಟಿತು. ಪರಿಸರ ಪ್ರೇಮಕ್ಕಿಂತ ಹೊಣೆಯ ಭಯವೇ ಈ ವೃತ್ತಿಯನ್ನು ಬೆಳೆಸಿತು ಎಂದರೆ ಅದರಲ್ಲಿರುವವರು ಬೇಸರಿಸಿಕೊಳ್ಳಲಾರರು.

ತಪಾಸಣೆ ಶುರುವಾಗುವುದು ಗುದ್ದಲಿಯಿಂದಲ್ಲ, ಕಾಗದದಿಂದ. ಹಳೆಯ ಸರ್ವೆ ನಕ್ಷೆ, ಪರವಾನಗಿ, ವೈಮಾನಿಕ ಚಿತ್ರ, ಬೆಂಕಿ ವಿಮೆಯವರು ಬರೆಸಿದ ನಕ್ಷೆ. ಬ್ರಿಟನ್ನಿನಲ್ಲಿ ಗೋಡ್, ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಕಂಪನಿಗಳು ಇಂಥ ವಿಮಾ ನಕ್ಷೆ ತಯಾರಿಸುತ್ತಿದ್ದವು. ಯಾವ ಷೆಡ್ಡಿನಲ್ಲಿ ಎಣ್ಣೆ ತೊಟ್ಟಿ, ಎಲ್ಲಿ ಬಾಯ್ಲರ್ ಎಂದು ಗುರುತು ಹಾಕಿದ್ದು ಬೆಂಕಿಯ ಅಪಾಯ ಅಳೆಯಲು. ನೂರು ವರ್ಷದ ಬಳಿಕ ಅದೇ ಗುರುತು ವಿಷ ಹುಡುಕುವವರಿಗೆ ದಾರಿ ತೋರಿಸುತ್ತಿದೆ. ಇಷ್ಟನ್ನು ಓದಿದ ಮೇಲೆ ತಜ್ಞರು ಮೂರು ಪ್ರಶ್ನೆ ಹಾಕಿಕೊಳ್ಳುತ್ತಾರೆ. ವಿಷದ ಮೂಲ ಎಲ್ಲಿ? ಅದು ಯಾವ ದಾರಿಯಲ್ಲಿ ಹರಿಯುತ್ತದೆ? ಯಾರನ್ನು ಮುಟ್ಟುತ್ತದೆ? ಮೂರರಲ್ಲಿ ಒಂದು ಇಲ್ಲದಿದ್ದರೂ ಅಪಾಯವಿಲ್ಲ. ಕಾಂಕ್ರೀಟ್ ಕೆಳಗೆ ಕದಲದೆ ಕೂತ ಸೀಸ ಒಂದು ಕತೆ. ಮಕ್ಕಳು ಆಡುವ ಅಂಗಳದ ದೂಳಿನಲ್ಲಿರುವ ಅದೇ ಸೀಸ ಬೇರೆ ಕತೆ.

ಆಮೇಲೆ ಬರುತ್ತದೆ ಕೊರೆಯುವ ಕೆಲಸ. ಹಳೆಯ ಪದ್ಧತಿ ಸರಳ. ಜಾಗದ ಮೇಲೆ 25 ಮೀಟರಿಗೊಂದರಂತೆ ಚೌಕಳಿ ಎಳೆದು, ಪ್ರತಿ ಚೌಕಕ್ಕೊಂದು ಬೋರು ಹಾಕಿ, ಬಂದ ಮಣ್ಣನ್ನು ಗಾಜಿನ ಡಬ್ಬಿಗೆ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುವುದು. ವಾರಗಳ ಬಳಿಕ ವರದಿ. ಸ್ವಲ್ಪ ಲೆಕ್ಕ ಹಾಕೋಣ. 25 ಮೀಟರ್ ಚೌಕವೆಂದರೆ 625 ಚದರ ಮೀಟರ್. ಒಂದು ಮೀಟರ್ ಆಳದವರೆಗೆ ಅಲ್ಲಿರುವ ಮಣ್ಣು ಸಾವಿರ ಟನ್ನಿಗೂ ಮೇಲೆ. ಡಬ್ಬಿಗೆ ಬಂದದ್ದು ಅರ್ಧ ಕಿಲೊ. ಲೋಹ ಪರೀಕ್ಷೆಗೆ ಆಮ್ಲದಲ್ಲಿ ಕರಗಿಸುವುದು ಅದರಲ್ಲೊಂದು ಗ್ರಾಂ. ಅಂದರೆ ಒಂದು ಗ್ರಾಂ ಮಣ್ಣು ನೂರು ಕೋಟಿ ಗ್ರಾಂ ಮಣ್ಣಿನ ಪರವಾಗಿ ಸಾಕ್ಷಿ ಹೇಳಬೇಕು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು. ಇಡೀ ಪಾತ್ರೆ ಒಂದೇ ಬೆಂಕಿಯಲ್ಲಿ, ಒಂದೇ ನೀರಿನಲ್ಲಿ ಬೆಂದಿರುತ್ತದೆ. ಕಾರ್ಖಾನೆಯ ನೆಲ ಹಾಗಲ್ಲ. ತೊಟ್ಟಿ ಸೋರಿದ ಜಾಗದಲ್ಲಿ ಹೊಗೆಯಾಡುವಷ್ಟು ವಿಷವಿದ್ದರೆ ಎರಡು ಹೆಜ್ಜೆ ಆಚೆ ಏನೂ ಇರುವುದಿಲ್ಲ. ಸೀಸದ ಒಂದು ಚೂರು ಆ ಒಂದು ಗ್ರಾಮಿನಲ್ಲಿ ಬಿದ್ದರೆ ವರದಿ ಗಾಬರಿ ಹುಟ್ಟಿಸುತ್ತದೆ, ಬೀಳದಿದ್ದರೆ ‘ಸುರಕ್ಷಿತ’ ಎನ್ನುತ್ತದೆ. ಪ್ರಯೋಗಾಲಯದ ಯಂತ್ರ ನೂರು ಕೋಟಿಯಲ್ಲಿ ಒಂದು ಭಾಗವನ್ನೂ ಅಳೆಯಬಲ್ಲದು. ಆದರೆ ಅದರ ಮುಂದೆ ಇಟ್ಟ ಮಣ್ಣೇ ನೆಲವನ್ನು ಪ್ರತಿನಿಧಿಸದಿದ್ದರೆ ಆ ನಿಖರತೆ ಯಾವ ಪುರುಷಾರ್ಥಕ್ಕೆ? ಹೊಸ ವಿಧಾನಗಳೆಲ್ಲ, ಒಂದೊಂದೂ ತನ್ನದೇ ರೀತಿಯಲ್ಲಿ, ಈ ಒಂದು ಮುಜುಗರಕ್ಕೆ ಕೊಟ್ಟ ಉತ್ತರಗಳು.

ಉತ್ತರಗಳಲ್ಲೊಂದು ಬಂದದ್ದು ಗಣಿಗಳಿಂದ. ಫ್ರಾನ್ಸಿನ ಪಿಯೆರ್ ಜೀ ಅದಿರಿನ ಸ್ಯಾಂಪಲ್ ತೆಗೆಯುವ ಬಗ್ಗೆಯೇ ಬದುಕಿಡೀ ತಲೆಕೆಡಿಸಿಕೊಂಡವರು. ಒಂದು ರಾಶಿ ಅದಿರಿನಿಂದ ಹಿಡಿಯಷ್ಟನ್ನು ಹೇಗೆ ತೆಗೆದರೆ ಅದು ರಾಶಿಗೆ ನ್ಯಾಯ ಸಲ್ಲಿಸುತ್ತದೆ ಎಂಬುದಕ್ಕೆ ಅವರು ಗಣಿತ ಕಟ್ಟಿದರು. ಬೆಲೆಬಾಳುವ ಲೋಹ ಮಣ್ಣಿನಲ್ಲಿ ಚದುರಿರುವ ರೀತಿಗೂ ವಿಷ ಚದುರಿರುವ ರೀತಿಗೂ ವ್ಯತ್ಯಾಸವೇನಿಲ್ಲ. ಅಮೆರಿಕದ ಸೇನಾ ಸಂಶೋಧಕರು ಗುಂಡು ಹಾರಿಸುವ ಮೈದಾನಗಳಲ್ಲಿ ಸ್ಫೋಟಕದ ಉಳಿಕೆ ಅಳೆಯಲು ಹೋಗಿ, ಒಂದೇ ಗುಂಡಿಯ ಅಕ್ಕಪಕ್ಕದ ಮಾದರಿಗಳು ಅಜಗಜಾಂತರ ಉತ್ತರ ಕೊಟ್ಟಾಗ, ಜೀ ಅವರ ಲೆಕ್ಕಕ್ಕೆ ಶರಣಾದರು. ಈಗ ಒಂದು ತುಂಡು ನೆಲದಿಂದ ಒಂದೇ ಡಬ್ಬಿಯ ಬದಲು 30ರಿಂದ 100 ಕಡೆ ಚಿಟಿಕೆ ಚಿಟಿಕೆ ಮಣ್ಣು ತೆಗೆದು ಕೂಡಿಸಿ, ಒಣಗಿಸಿ, ಅರೆದು, ಆಮೇಲೆ ಪರೀಕ್ಷಿಸುತ್ತಾರೆ. ಇಡೀ ಕೆಲಸವನ್ನು ಮೂರು ಸಲ ಬೇರೆ ಬೇರೆ ಬಿಂದುಗಳಿಂದ ಮಾಡುತ್ತಾರೆ. ಮೂರೂ ಉತ್ತರ ಹತ್ತಿರವಿದ್ದರೆ ನಂಬಬಹುದು. ದೂರವಿದ್ದರೆ ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ. ಹಳೆಯ ಪದ್ಧತಿಯಲ್ಲಿ ತಪ್ಪಿರುವುದೂ ಗೊತ್ತಾಗುತ್ತಿರಲಿಲ್ಲ.

ಮೇಲ್ಮಣ್ಣಿಗೆ ಇದು ಸರಿ. ಆಳಕ್ಕಿಳಿದ ವಿಷಕ್ಕೆ ಬೇರೆ ಉಪಾಯ ಬೇಕು. ಯಂತ್ರಗಳ ಎಣ್ಣೆ ಜಿಡ್ಡು ತೆಗೆಯುವ, ಬಟ್ಟೆಯನ್ನು ಡ್ರೈಕ್ಲೀನ್ ಮಾಡುವ ಕ್ಲೋರಿನ್‌ಯುಕ್ತ ದ್ರಾವಕಗಳು ನೀರಿಗಿಂತ ಭಾರ. ಚೆಲ್ಲಿದರೆ ಅಂತರ್ಜಲದ ಮೇಲೆ ತೇಲದೆ ಕೆಳಗಿಳಿಯುತ್ತವೆ, ಜೇಡಿಮಣ್ಣಿನ ಪದರ ಸಿಕ್ಕಿದಲ್ಲಿ ಅದರೊಳಗೆ ನುಸುಳಿ ಕೂರುತ್ತವೆ. ಮೇಲಿನ ಮರಳು ತಿಳಿಯಾದ ಮೇಲೂ ದಶಕಗಳ ಕಾಲ ಆ ಜೇಡಿಯಿಂದ ನಿಧಾನವಾಗಿ ಹೊರಬರುತ್ತಲೇ ಇರುತ್ತವೆ. ಕೋಟ್ಯಂತರ ಡಾಲರ್ ಸುರಿದು ನೀರೆತ್ತಿ ಶುದ್ಧಮಾಡಿ, ಪಂಪು ನಿಲ್ಲಿಸಿದೊಡನೆ ವಿಷ ಮರಳಿದ ಜಾಗಗಳು ಎಷ್ಟೋ. ಬೆತ್ ಪಾರ್ಕರ್, ಜಾನ್ ಚೆರ್ರಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಥ ಮೂರು ತಾಣಗಳನ್ನು ಸೂಕ್ಷ್ಮವಾಗಿ ಅಳೆಯಿತು. ಭೂಗತವಾಗಿ ಹರಿಯುವ ವಿಷದ ಮುಕ್ಕಾಲು ಪಾಲು ಸಾಗುತ್ತಿದ್ದುದು ಹರಿವಿನ ಅಡ್ಡಸೀಳಿನ ಕೇವಲ ಶೇ 5ರಿಂದ 10ರಷ್ಟು ಜಾಗದಲ್ಲಿ. ಅಷ್ಟು ಕಿರಿದಾದ ಹಾದಿಯನ್ನು 25 ಮೀಟರಿನ ಚೌಕಳಿ ಹಿಡಿಯುತ್ತದೆ ಎಂದುಕೊಳ್ಳುವುದು ಜೂಜು.

ಹೀಗಾಗಿ ಸಾಧನವನ್ನೇ ನೆಲದೊಳಕ್ಕೆ ಕಳುಹಿಸಿದರು. ಹೊಸ ಯಂತ್ರಗಳು ಕೊರೆಯುವುದಿಲ್ಲ, ಉಕ್ಕಿನ ಸರಳನ್ನು ನೆಲಕ್ಕೆ ಒತ್ತುತ್ತವೆ, ಬಡಿಯುತ್ತವೆ. ಒಂದು ಬಗೆಯ ಸರಳಿನ ಪಕ್ಕದಲ್ಲಿ ನೂರು ಡಿಗ್ರಿಗೂ ಮೇಲೆ ಕಾಯುವ ಪುಟ್ಟ ಲೋಹದ ತುಂಡಿದೆ, ಅದಕ್ಕೊಂದು ತೆಳು ಪೊರೆ. ಕಾದ ಮಣ್ಣಿನಿಂದ ಆವಿಯಾದ ದ್ರಾವಕ ಪೊರೆ ದಾಟಿ ಒಳಬಂದೊಡನೆ ನೈಟ್ರೋಜನ್ ಅನಿಲ ಅದನ್ನು ಕೊಳವೆಯ ಮೂಲಕ ಮೇಲಿನ ವ್ಯಾನಿನಲ್ಲಿರುವ ಪತ್ತೆಯಂತ್ರಕ್ಕೆ ಹೊತ್ತೊಯ್ಯುತ್ತದೆ. ತುದಿಯಲ್ಲಿರುವ ಇನ್ನೊಂದು ಸಂವೇದಕ ಮಣ್ಣಿನ ವಿದ್ಯುತ್ ವಾಹಕತೆ ಅಳೆದು ಇದು ಜೇಡಿ, ಇದು ಮರಳು ಎನ್ನುತ್ತದೆ. ನಿಮಿಷಕ್ಕೆ ಒಂದಡಿಯಂತೆ ಸರಳು ಇಳಿಯುತ್ತಿದ್ದಂತೆ ಪರದೆಯ ಮೇಲೆ ಗೆರೆ ಏರಿಳಿಯುತ್ತದೆ. ಇಪ್ಪತ್ತೆರಡಡಿಯಲ್ಲಿ ಗೆರೆ ಚಿಮ್ಮಿತೆಂದರೆ ವಿಷ ಕೂತಿರುವುದು ಅಲ್ಲೇ.

ಪೆಟ್ರೋಲು, ಡೀಸೆಲ್ಲಿಗಾದರೆ ಬೆಳಕು ಸಾಕು. ಸರಳಿನ ಪಕ್ಕದಲ್ಲಿ ನೀಲಮಣಿಯ ಪುಟ್ಟ ಕಿಟಕಿ, ಅದರ ಮೂಲಕ ಮಣ್ಣಿಗೆ ಅತಿನೇರಳೆ ಲೇಸರ್. ಎಣ್ಣೆಯಲ್ಲಿರುವ ಕೆಲವು ಸಂಯುಕ್ತಗಳು ಆ ಬೆಳಕಿಗೆ ಹೊಳೆಯುತ್ತವೆ. ಹೊಳಪಿನ ಬಣ್ಣ ನೋಡಿ ಇದು ಪೆಟ್ರೋಲೋ ಡೀಸೆಲ್ಲೋ ಎಂದೂ ಹೇಳಬಹುದು. ಆದರೆ ಸುಣ್ಣದಂಶದ ಮರಳೂ ಕೊಳೆತ ಸಸ್ಯದ ಜವುಗುಮಣ್ಣೂ ತಮ್ಮಷ್ಟಕ್ಕೆ ಹೊಳೆದು ಮೋಸ ಮಾಡುತ್ತವೆ. ಕ್ಲೋರಿನ್ ದ್ರಾವಕಗಳು ಹೊಳೆಯುವುದೇ ಇಲ್ಲ. ಮಣ್ಣಿನ ಮೇಲೆ ಒತ್ತಿ ಹಿಡಿದರೆ ನಿಮಿಷದೊಳಗೆ ಸೀಸ, ಆರ್ಸೆನಿಕ್, ಕ್ರೋಮಿಯಂ ಪ್ರಮಾಣ ತೋರಿಸುವ ಎಕ್ಸ್-ರೇ ಗನ್ನಿಗೂ ಇಂಥ ಮಿತಿಗಳಿವೆ. ಹಸಿ ಮಣ್ಣಿನಲ್ಲಿ ತಡವರಿಸುತ್ತದೆ, ಕ್ರೋಮಿಯಂ ಇದೆ ಎನ್ನುತ್ತದೆ, ಅದು ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ರೂಪದಲ್ಲಿದೆಯೋ ಅಷ್ಟೇನೂ ಕೇಡಿಲ್ಲದ ಟ್ರೈವೇಲೆಂಟ್ ರೂಪದಲ್ಲಿದೆಯೋ ಹೇಳದು. ಪ್ರಯೋಗಾಲಯದ ಕೆಲಸ ಈ ಯಂತ್ರಗಳಿಂದ ಮುಗಿದುಹೋಗುವುದಿಲ್ಲ. ಯಾವ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು ಎಂಬುದನ್ನು ಇವು ಹೇಳುತ್ತವೆ.

ಮುಖ್ಯ ಬದಲಾವಣೆ ಆಗಿರುವುದು ಕೆಲಸದ ಕ್ರಮದಲ್ಲಿ. ಮೊದಲು ಎಲ್ಲ ಬೋರುಗಳ ಜಾಗವನ್ನೂ ಕಚೇರಿಯಲ್ಲೇ ಕೂತು ನಿಗದಿ ಮಾಡಿ ಟೆಂಡರ್ ಕರೆಯುತ್ತಿದ್ದರು. ಈಗ ಬೆಳಿಗ್ಗೆ ಹಾಕಿದ ಮೂರು ಸರಳುಗಳು ಹೇಳಿದ್ದನ್ನು ನೋಡಿ ಮಧ್ಯಾಹ್ನದ ನಾಲ್ಕನೆಯದು ಎಲ್ಲಿಗೆ ಎಂದು ಸ್ಥಳದಲ್ಲೇ ತೀರ್ಮಾನ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಪದ್ಧತಿಗೆ ‘ಟ್ರಯಡ್’ ಎಂದು ಹೆಸರಿಟ್ಟು ಎರಡು ದಶಕಗಳ ಹಿಂದೆಯೇ ಪ್ರಚಾರ ಶುರುಮಾಡಿತು. ಸರ್ಕಾರಿ ಲೆಕ್ಕಪತ್ರದ ಮನುಷ್ಯರಿಗೆ ಇದು ಅಷ್ಟು ಸುಲಭವಾಗಿ ಒಗ್ಗದು. ಎಷ್ಟು ಬೋರು ಎಂದು ಮೊದಲೇ ಹೇಳದೆ ಬಿಲ್ಲು ಪಾಸು ಮಾಡುವುದು ಹೇಗೆ?

ನೆಲ ಮುಟ್ಟದೆಯೂ ಒಂದಷ್ಟು ತಿಳಿಯಬಹುದು. ಹೂತ ಪೀಪಾಯಿ, ಮರೆತುಹೋದ ಎಣ್ಣೆ ತೊಟ್ಟಿಗಳನ್ನು ಕಾಂತಮಾಪಕ ಮತ್ತು ರೇಡಾರ್ ಹುಡುಕುತ್ತವೆ. ನೆಲದಲ್ಲಿ ಸಾಲಾಗಿ ಸಲಾಕೆ ನೆಟ್ಟು ವಿದ್ಯುತ್ ಹರಿಸಿ ಒಳಗಿನ ರೋಧವನ್ನು ಅಳೆದರೆ ಲವಣ ತುಂಬಿದ ತ್ಯಾಜ್ಯದ ಗುಂಡಿ ಚಿತ್ರವಾಗಿ ಮೂಡುತ್ತದೆ. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಮರದ ಸಾಕ್ಷ್ಯ. ಮರ ಬೇರಿನಿಂದ ನೀರು ಹೀರುವಾಗ ಅದರೊಂದಿಗೆ ದ್ರಾವಕವೂ ಕಾಂಡಕ್ಕೆ ಏರುತ್ತದೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಡಾನ್ ವ್ರೊಬ್ಲೆಸ್ಕಿ ದಕ್ಷಿಣ ಕೆರೊಲಿನಾದಲ್ಲಿ ಮರದ ಕಾಂಡದಿಂದ ಪೆನ್ಸಿಲಿನಷ್ಟು ತೆಳು ತಿರುಳು ತೆಗೆದು ಸೀಸೆಯಲ್ಲಿ ಮುಚ್ಚಿಟ್ಟು, ಅದರ ಆವಿಯನ್ನು ಪರೀಕ್ಷಿಸಿ, ಭೂಗತ ವಿಷ ಎಲ್ಲಿಯವರೆಗೆ ಹರಡಿದೆ ಎಂದು 1990ರ ದಶಕದ ಕೊನೆಯಲ್ಲಿ ತೋರಿಸಿದರು. ಒಂದು ಮರಕ್ಕೆ ಕೆಲವೇ ನಿಮಿಷ. ಬೋರಿನ ಖರ್ಚಿಲ್ಲ, ಗದ್ದಲವಿಲ್ಲ. ಜಾಗ ಖಾಲಿಮಾಡುವವರು ಮೊದಲು ಕಡಿಯುವುದು ಮರಗಳನ್ನೇ ಎಂಬುದಷ್ಟೇ ತೊಡಕು.

ಇಷ್ಟು ವಿಷವಿದೆ ಎಂದು ತಿಳಿದ ಮೇಲೂ ಅದರಲ್ಲಿ ಎಷ್ಟು ಮೈಗೆ ಸೇರುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಮಗು ಮಣ್ಣಿನ ಕೈಯನ್ನು ಬಾಯಿಗಿಟ್ಟಾಗ ಮಣ್ಣಿನಲ್ಲಿರುವ ಸೀಸವೆಲ್ಲ ರಕ್ತಕ್ಕೆ ಹೋಗುವುದಿಲ್ಲ; ಕೆಲವು ಖನಿಜ ರೂಪಗಳು ಹೊಟ್ಟೆಯಲ್ಲಿ ಕರಗದೆ ಹೊರಬೀಳುತ್ತವೆ. ಇದನ್ನು ಅಳೆಯಲು ಪ್ರಯೋಗಾಲಯದಲ್ಲಿ ಜಠರವನ್ನೇ ಅಣಕಿಸುತ್ತಾರೆ. ಜಠರರಸದಷ್ಟೇ ಹುಳಿಯಿರುವ ಗ್ಲೈಸಿನ್ ದ್ರಾವಣ, 37 ಡಿಗ್ರಿ ಶಾಖ, ಒಂದು ಗಂಟೆ ಕುಲುಕಾಟ. ಕರಗಿದಷ್ಟು ಮಾತ್ರ ಲೆಕ್ಕಕ್ಕೆ. ಲಾರಿಗಟ್ಟಲೆ ಮಣ್ಣನ್ನು ಸುಮ್ಮನೆ ಅಗೆದು ಸಾಗಿಸುವುದು ಇದರಿಂದ ತಪ್ಪುತ್ತದೆ. ಖರ್ಚು ಉಳಿಸಲು ಬಿಲ್ಡರುಗಳು ಇದನ್ನು ಎಳೆದಾಡುವ ಅಪಾಯವೂ ಇದೆ ಎನ್ನುವುದನ್ನು ಮರೆಯಬಾರದು.

ಈಗ ನಮ್ಮ ಕಡೆಗೆ. ಬೆಂಗಳೂರಿನಲ್ಲಿ ಬಿನ್ನಿ ಮಿಲ್ಲಿನ ಆವರಣದಲ್ಲಿ ಬಹುಮಹಡಿ ಮನೆಗಳೆದ್ದಿವೆ, ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಮಾಲ್ ಇದೆ. ಈ ಜಾಗಗಳಲ್ಲಿ ವಿಷವಿತ್ತು ಎಂದು ನಾನು ಹೇಳುತ್ತಿಲ್ಲ. ಹಳೆಯ ಕಾರ್ಖಾನೆಯ ನೆಲ ಮನೆಯಾಗುವುದು ನಮ್ಮಲ್ಲೂ ಮಾಮೂಲಿ ಎಂಬುದಷ್ಟೇ ಮಾತು. ಸೈಟು ಕೊಳ್ಳುವಾಗ ನಾವು ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸುತ್ತೇವೆ, ಖಾತೆ ನೋಡುತ್ತೇವೆ, ತಾಯಿಪತ್ರ ಕೇಳುತ್ತೇವೆ. ಯಾರು ಯಾರಿಗೆ ಮಾರಿದರು, ಯಾವ ಬ್ಯಾಂಕಿನಲ್ಲಿ ಅಡವಿತ್ತು ಎಲ್ಲ ಸಿಗುತ್ತದೆ. ಆ ಮೂವತ್ತು ವರ್ಷ ಅಲ್ಲಿ ಏನು ತಯಾರಾಗುತ್ತಿತ್ತು, ಅದರ ಕೊಳಕನ್ನು ಎಲ್ಲಿ ಬಿಡುತ್ತಿದ್ದರು ಎಂಬುದಕ್ಕೆ ಆ ಪತ್ರದಲ್ಲಿ ಕಾಲಂ ಇಲ್ಲ.

ಕಾನೂನು ಬಂದಿದೆ, ತಡವಾಗಿ. ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಪ್ರಕಟಿಸಿತು. ಆಗ ದೇಶದಲ್ಲಿ ಗುರುತಿಸಿದ್ದ ಇಂಥ ತಾಣಗಳು 103, ಶುದ್ಧೀಕರಣ ಶುರುವಾಗಿದ್ದುದು ಏಳರಲ್ಲಿ ಮಾತ್ರ. ನಿಯಮದ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ಪಟ್ಟಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಪ್ರಾಥಮಿಕ ತಪಾಸಣೆ, ಇನ್ನು 90 ದಿನದಲ್ಲಿ ವಿವರವಾದ ಸಮೀಕ್ಷೆ ಮುಗಿಸಬೇಕು. ಖರ್ಚು ಕೆಡಿಸಿದವರದ್ದು, ಅವರು ಪತ್ತೆಯಾಗದಿದ್ದರೆ ಸರ್ಕಾರಗಳದ್ದು. ಮೂರು ತಿಂಗಳಿಗೆ ವಿವರವಾದ ಸಮೀಕ್ಷೆ ಎಂಬ ಗಡುವು ಸ್ಥಳದಲ್ಲೇ ಉತ್ತರ ಕೊಡುವ ಯಂತ್ರಗಳಿಲ್ಲದೆ ಸಾಧ್ಯವೆಂದು ನನಗನಿಸುವುದಿಲ್ಲ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲ ಇದೆ. ಯೂನಿಯನ್ ಕಾರ್ಬೈಡ್ ಆವರಣದಲ್ಲಿ ಚೀಲಗಳಲ್ಲಿ ಕಟ್ಟಿಟ್ಟಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿ ಸುಟ್ಟದ್ದು 2025ರಲ್ಲಿ, ಅನಿಲ ದುರಂತ ನಡೆದು ನಾಲ್ಕು ದಶಕ ಕಳೆದ ಮೇಲೆ. ಆದರೆ ಅಲ್ಲಿ ಕೆಟ್ಟಿರುವ ಮಣ್ಣೇ ಸುಮಾರು 11 ಲಕ್ಷ ಟನ್ ಎಂದು ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಗಳು (ಎನ್‌ಜಿಆರ್‌ಐ) 2010ರಲ್ಲೇ ಅಂದಾಜು ಮಾಡಿದ್ದವು. ಚೀಲದಲ್ಲಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಸುದ್ದಿಯಾಯಿತು.

ಯಂತ್ರ ತರಿಸಿದ ಮಾತ್ರಕ್ಕೆ ನಮ್ಮಲ್ಲಿ ಕೆಲಸ ಮುಗಿಯದು. ಸರಳು ಒತ್ತುವ ವಿದ್ಯೆ ಬೆಳೆದದ್ದು ಮರಳು, ಜೇಡಿಯ ಮೆತ್ತನೆಯ ನೆಲದಲ್ಲಿ. ಗಂಗಾ ಬಯಲಿಗೆ ಅದು ಹೊಂದೀತು. ಬೆಂಗಳೂರಿನಲ್ಲಿ ಕೆಂಪುಮಣ್ಣು, ಗರಸು ದಾಟಿದರೆ ಕಲ್ಲು. ಸರಳು ಅಲ್ಲಿಗೇ ನಿಲ್ಲುತ್ತದೆ. ಆದರೆ ವಿಷ ನಿಲ್ಲುವುದಿಲ್ಲ, ಕಲ್ಲಿನ ಬಿರುಕು ಹಿಡಿದು ಇಳಿಯುತ್ತದೆ. ನೂರಾರು ಅಡಿ ಆಳದ ಕೊಳವೆಬಾವಿಗಳಿಗೆ ಮೇಲಿನ ಕೆಲವೇ ಅಡಿ ಕೇಸಿಂಗ್ ಹಾಕಿ ಉಳಿದದ್ದನ್ನು ತೆರೆದು ಬಿಡುವುದರಿಂದ ಒಂದು ಬಿರುಕಿನ ನೀರು ಇನ್ನೊಂದಕ್ಕೆ ಸಲೀಸಾಗಿ ಇಳಿಯುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದು ಹಳೆಯ ಸುದ್ದಿ. ಲೋಹಲೇಪನದ ಸಣ್ಣ ಘಟಕಗಳು ಅಲ್ಲಿ ಹೆಚ್ಚು. ಯಾವ ಘಟಕದ್ದು ಎಂದು ಕೇಳಿದರೆ ಎಲ್ಲರೂ ಪಕ್ಕದವರತ್ತ ಕೈ ತೋರಿಸಬಹುದು. ಆ ಪ್ರಶ್ನೆಗೆ ನೇರ ಉತ್ತರ ಕೊಡದಿದ್ದರೂ ಇಲ್ಲಿ ಉಪಯೋಗಕ್ಕೆ ಬರುವುದು ಐಸೊಟೋಪ್ ಪರೀಕ್ಷೆ. ವಿಷಕಾರಿ ಕ್ರೋಮಿಯಂ ನಿರುಪದ್ರವಿಯಾಗಿ ಬದಲಾಗುತ್ತ ಹೋದಂತೆ ಉಳಿದದ್ದರಲ್ಲಿ ಭಾರದ ಐಸೊಟೋಪಿನ ಪಾಲು ಹೆಚ್ಚುತ್ತದೆ. ನೀರಿನಲ್ಲಿ ಕ್ರೋಮಿಯಂ ಕಡಿಮೆಯಾದದ್ದು ಅದು ನಿಜಕ್ಕೂ ಬದಲಾಗಿದ್ದರಿಂದಲೋ ಬರೀ ಮಳೆನೀರು ಬೆರೆತದ್ದರಿಂದಲೋ ಎಂದು ಇದರಿಂದ ಬಿಡಿಸಬಹುದು. ಸೀಸದ ವಿಷಯದಲ್ಲಂತೂ ಐಸೊಟೋಪುಗಳು ಅದು ಯಾವ ಅದಿರಿನಿಂದ ಬಂದದ್ದೆಂಬ ಸುಳಿವನ್ನೇ ಕೊಡುತ್ತವೆ.

ಕೋಲಾರ ಚಿನ್ನದ ಗಣಿಯ ಕತೆ ಇನ್ನೂ ಜಟಿಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನ ತೆಗೆಯಲು ಸೈನೈಡ್ ದ್ರಾವಣದಲ್ಲಿ ನೆನೆಸಿದ ಕಲ್ಲುಪುಡಿಯ ದಿಬ್ಬಗಳು ಊರಿನ ನಡುವೆಯೇ ಉಳಿದವು. ಅಲ್ಲಿನವರ ಬಾಯಲ್ಲಿ ಅವು ‘ಸೈನೈಡ್ ದಿಬ್ಬ’ಗಳು. ಬೇಸಿಗೆ ಗಾಳಿಗೆ ಪುಡಿ ಹಾರಿ ಮನೆಗಳಿಗೆ ನುಗ್ಗುತ್ತದೆ. ಸೈನೈಡ್ ಬಿಸಿಲಿಗೆ ಕಾಲಕ್ರಮೇಣ ಒಡೆಯುತ್ತದೆ. ಕಲ್ಲಿನಲ್ಲಿದ್ದ ಭಾರಲೋಹ ಒಡೆಯುವುದಿಲ್ಲ. ದಿಬ್ಬದಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಚಿನ್ನವೆಷ್ಟಿದೆ ಎಂದು ತಿಳಿಯಲು ಪಿಯೆರ್ ಜೀ ಅವರ ಲೆಕ್ಕದಂತೆ ದಿಬ್ಬದ ಸ್ಯಾಂಪಲ್ ತೆಗೆಯಲೇಬೇಕು. ಅದೇ ಸ್ಯಾಂಪಲ್ಲಿನಲ್ಲಿ ಆರ್ಸೆನಿಕ್ ಮತ್ತು ಸೀಸವನ್ನೂ ಅಳೆಯಲು ಹೆಚ್ಚು ಖರ್ಚಾಗದು. ಆದರೆ 2025ರ ನಿಯಮಗಳು ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಬೇರೆ ಕಾನೂನುಗಳ ಪಾಲಿಗೆಂದು ಬಹುಮಟ್ಟಿಗೆ ಹೊರಗಿಟ್ಟಿವೆ. ಹಾಗಾಗಿ ಅಳೆಯಬೇಕೆಂಬ ಒತ್ತಾಯ ಆ ದಾರಿಯಿಂದ ಬರುವಂತಿಲ್ಲ.

ಉಳಿದ ಜಾಗಗಳ ಪಟ್ಟಿ ಮಾಡಲು ಜಿಲ್ಲಾಡಳಿತ ಕೂತಾಗ ಲಂಡನ್ನಿನಂತೆ ವಿಮಾ ನಕ್ಷೆಗಳನ್ನು ಹುಡುಕಿದರೆ ನಮ್ಮಲ್ಲಿ ಸಿಗುವುದು ಕಷ್ಟ. ಕೈಗಾರಿಕಾ ಇಲಾಖೆಯ ಪರವಾನಗಿ ಕಡತ, ಬಾಯ್ಲರ್ ಇನ್ಸ್‌ಪೆಕ್ಟರರ ದಾಖಲೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ, ನಿವೃತ್ತ ಕಾರ್ಮಿಕರ ನೆನಪು ಇವೇ ನಮ್ಮ ನಕ್ಷೆ. ರಾತ್ರಿ ಪಾಳಿಯಲ್ಲಿ ಆಮ್ಲದ ತೊಟ್ಟಿಯನ್ನು ಯಾವ ಮೂಲೆಗೆ ಖಾಲಿಮಾಡುತ್ತಿದ್ದರು ಎಂದು ಫಿಟ್ಟರ್ ಒಬ್ಬರಿಗೆ ಗೊತ್ತಿರುತ್ತದೆ, ಕಡತಕ್ಕೆ ಗೊತ್ತಿರುವುದಿಲ್ಲ. ಎಂಬತ್ತರ ದಶಕದಲ್ಲಿ ಮುಚ್ಚಿದ ಕಾರ್ಖಾನೆಗಳ ಅಂಥ ಫಿಟ್ಟರುಗಳಿಗೆ ಈಗ ಎಂಬತ್ತರ ಆಸುಪಾಸಿನ ವಯಸ್ಸು. ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಲು ಒಬ್ಬ ಗುಮಾಸ್ತ, ಒಂದು ಸರ್ವೆ ನಕ್ಷೆ, ಒಂದು ಕೆಂಪು ಪೆನ್ಸಿಲ್ ಸಾಕು; ಟೆಂಡರ್ ಕರೆಯಬೇಕಾಗಿಲ್ಲ.